ಅರ್ಧ ಒತ್ತಿದ ಬೆರಳು

ಊರ ಮನೆಯ ಗೋಡೆಯ ಮೇಲೆ ಒಂದು ಫೋಟೊ ಇದೆ. 2007ರ ಆಗಸ್ಟಿನಲ್ಲಿ ಜೋಗದಲ್ಲಿ ತೆಗೆದದ್ದು. ಬೆಳಗಿನಿಂದ ಕವಿದುಕೊಂಡಿದ್ದ ಮಂಜು ಐದು ನಿಮಿಷದ ಮಟ್ಟಿಗೆ ಸರಿದಿತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಧುಮುಕುತ್ತಿದ್ದವು. ಫೋಟೊದಲ್ಲಿ ಅವು ಎಷ್ಟು ಸ್ಪಷ್ಟವಾಗಿವೆ ಎಂದರೆ ಬಂಡೆಯ ಬಿರುಕುಗಳನ್ನು ಬೆರಳಿಟ್ಟು ತೋರಿಸಬಹುದು. ಆ ನೀರಿನ ಎಡಕ್ಕೊಬ್ಬರು, ಬಲಕ್ಕೊಬ್ಬರು ನಿಂತಿದ್ದಾರೆ. ನೀಲಿ ಛತ್ರಿ ಹಿಡಿದವರು ಅಪ್ಪ, ಹಸಿರು ಸೀರೆಯವರು ಅಮ್ಮ. ಛತ್ರಿ, ಸೀರೆ ನೋಡಿಯೇ ಹೇಳಬೇಕು. ಮುಖಗಳು ಒದ್ದೆ ಗಾಜಿನ ಆಚೆ ಕಂಡ ಹಾಗಿವೆ.

ಅದು ನಾನು ಸಂಬಳದ ದುಡ್ಡಿನಲ್ಲಿ ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಜಲಪಾತ ದೊಡ್ಡದಾಗಿ ಬರಲಿ ಎಂದು ನಾಲ್ಕಾರು ಹೆಜ್ಜೆ ಹಿಂದೆ ಸರಿದು ಜೂಮ್ ಪೂರ್ತಿ ಎಳೆದಿದ್ದೆ. ನೀರು ಇಬ್ಬರ ನಡುವೆ ಕಾಣಲಿ ಎಂದು "ಸ್ವಲ್ಪ ದೂರ ದೂರ ನಿಂತ್ಕೊಳ್ಳಿ" ಎಂದವನೂ ನಾನೇ. ಕ್ಯಾಮೆರಾದ ಎರಡಿಂಚಿನ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಮಂಜು ಮತ್ತೆ ಮುಚ್ಚಿಕೊಂಡಿತು, ಮಳೆ ಹಿಡಿಯಿತು, ನಾವು ಬಸ್ಸು ಹತ್ತಿದೆವು.

ಪ್ರಿಂಟ್ ಹಾಕಿಸಲು ಸಾಗರದ ಒಂದು ಸ್ಟುಡಿಯೊಕ್ಕೆ ಹೋದಾಗಲೇ ಗೊತ್ತಾದದ್ದು. ಸ್ಟುಡಿಯೊದ ಯಜಮಾನರು ಕಂಪ್ಯೂಟರಿನಲ್ಲಿ ಚಿತ್ರ ಹಿಗ್ಗಿಸಿ ಒಂದು ಕ್ಷಣ ಸುಮ್ಮನೆ ನೋಡಿದರು. "ತಮ್ಮಾ, ಕ್ಯಾಮೆರಾ ನೀ ಹೇಳ್ದಂಗೇ ಕೇಳಿದೆ. ನಡುವೆ ಏನಿತ್ತೋ ಅದನ್ನ ನೋಡು ಅಂದಿದೀಯ, ಅದು ನೀರು ನೋಡಿದೆ" ಎಂದರು. ಆಮೇಲೆ ನನ್ನ ಕ್ಯಾಮೆರಾ ಇಸಿದುಕೊಂಡು ಗುಂಡಿಯ ಮೇಲೆ ಬೆರಳಿಟ್ಟರು. "ಇದು ಒಂದು ಗುಂಡಿ ಅಲ್ಲ, ಎರಡು. ಅರ್ಧ ಒತ್ತಿದ್ರೆ ನೋಡ್ತದೆ. ಪೂರ್ತಿ ಒತ್ತಿದ್ರೆ ಹಿಡೀತದೆ. ಅಮ್ಮನ ಮುಖದ ಮೇಲೆ ಇಟ್ಟು ಅರ್ಧ ಒತ್ತು. ಬೆರಳು ಬಿಡಬೇಡ. ಹಾಗೇ ಹಿಡ್ಕೊಂಡು ಕ್ಯಾಮೆರಾ ಆಚೆ ತಿರುಗಿಸಿ ಜೋಗಾನ ನಡುವೆ ತಗೊಂಡು ಬಾ. ಆಮೇಲೆ ಒತ್ತು."

ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ಫ್ರೇಮೊಂದನ್ನು ತೋರಿಸಿ ಮಾಡಿಸಿದರು. ಅರ್ಧ ಒತ್ತಿದೆ. ಸಣ್ಣಗೆ ಬೀಪ್ ಎಂದಿತು, ಹಸಿರು ಚೌಕ ಹೊತ್ತಿಕೊಂಡಿತು. ಬೆರಳನ್ನು ಅಲ್ಲೇ ತಡೆದು ಕ್ಯಾಮೆರಾ ತಿರುಗಿಸಿದೆ. ಚೌಕದ ಕೆಳಗೆ ಈಗ ರಸ್ತೆಯ ಆಟೋರಿಕ್ಷಾ ಬಂದಿತ್ತು. ಚೌಕ ಮಾತ್ರ ಹಸಿರಾಗಿಯೇ ಇತ್ತು, ಕಪಾಟಿನ ಫ್ರೇಮು ಸ್ಪಷ್ಟವಾಗಿಯೇ ಇತ್ತು. ಏನನ್ನೋ ಕೈಯಲ್ಲಿ ಕಟ್ಟಿ ಹಿಡಿದುಕೊಂಡ ಹಾಗನಿಸಿದ್ದು ಈಗಲೂ ನೆನಪಿದೆ.

ಅವರು ಫಿಲ್ಮ್ ಕಾಲದ ಮನುಷ್ಯ. ಮದುವೆ ಮನೆಗಳಲ್ಲಿ ನಿಕಾನ್ ಎಫ್‌ಎಂ2 ಹಿಡಿದು ದುಡಿದವರು. ಅದರಲ್ಲಿ ಕ್ಯಾಮೆರಾ ತಾನೇ ಫೋಕಸ್ ಕೂಡಿಸುವ ಆಟೋಫೋಕಸ್ ಎಂಬುದೇ ಇರಲಿಲ್ಲ. ಕಣ್ಣಿಟ್ಟು ನೋಡಿದರೆ ನಟ್ಟನಡುವೆ ಒಂದು ಸಣ್ಣ ವೃತ್ತ, ಅದನ್ನು ಅಡ್ಡ ಸೀಳಿದ ಗೆರೆ. ಫೋಕಸ್ ಕೂಡಿಲ್ಲದಿದ್ದರೆ ಮದುಮಗಳ ಮೂಗು ಮೇಲರ್ಧ ಒಂದು ಕಡೆ, ಕೆಳಗರ್ಧ ಇನ್ನೊಂದು ಕಡೆ ತುಂಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸಿ ಎರಡೂ ತುಂಡು ಕೂಡಿಸಬೇಕು, ಕೂಡಿದ ಮೇಲೆ ಕ್ಯಾಮೆರಾ ಸರಿಸಿ ಚೌಕಟ್ಟು ಕಟ್ಟಬೇಕು. "ನಾವು ಇಪ್ಪತ್ತು ವರ್ಷ ಮಾಡಿದ್ದು ಇದನ್ನೇ" ಎಂದರು. ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಲೈಕಾದಂಥ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲೂ ಕೂಡಿಸುವ ಜಾಗ ನಡುವಿನ ಒಂದು ತುಣುಕು ಮಾತ್ರ. ಮೊದಲು ನಡುವೆ ತಂದು ನೋಡು, ಆಮೇಲೆ ಅದರದರ ಜಾಗಕ್ಕೆ ಕಳಿಸು. ಆಟೋಫೋಕಸ್ ಹುಟ್ಟುವ ಎಷ್ಟೋ ಮುಂಚೆಯೇ ಫೋಟೊಗ್ರಾಫರುಗಳ ಕೈ ಈ ಎರಡು ಹೆಜ್ಜೆಗೆ ಒಗ್ಗಿಹೋಗಿತ್ತು.

ಆಟೋಫೋಕಸ್ ಬಂದಾಗ ಆ ಹೆಜ್ಜೆಗಳು ಬದಲಾಗಲಿಲ್ಲ. 1977ರಲ್ಲಿ ಕೋನಿಕಾ ಸಿ35 ಎಎಫ್ ಮಾರುಕಟ್ಟೆಗೆ ಬಂತು, 1985ರಲ್ಲಿ ಮಿನೋಲ್ಟಾ 7000. ಆ ಮಿನೋಲ್ಟಾದಲ್ಲಿ ಫೋಕಸ್ ನೋಡುವ ಬಿಂದು ಇದ್ದದ್ದು ಒಂದೇ, ಅದೂ ನಡುವೆ. ಬದಿಯಲ್ಲಿ ನಿಂತವರ ಫೋಟೊ ಬೇಕಿದ್ದರೆ ಬೀಗ ಹಾಕಿ ತಿರುಗಿಸುವುದೊಂದೇ ದಾರಿ. ಬೀಗ ಎಂಬ ಮಾತು ನನಗೆ ಇಷ್ಟ. ಫೋಕಸ್ ಲಾಕ್ ಎಂದರೆ ಅಷ್ಟೇ ಅಲ್ಲವೇ? ಇಷ್ಟು ದೂರದಲ್ಲಿರುವುದನ್ನು ನೋಡುತ್ತೇನೆ, ಬೇರೆ ಯಾವುದು ಅಡ್ಡ ಬಂದರೂ ಕಣ್ಣು ಕದಲಿಸುವುದಿಲ್ಲ ಎಂದು ಲೆನ್ಸಿಗೆ ಬೀಗ ಜಡಿಯುವುದು.

ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಕೊಂಡ ಮೇಲೆ, ಬಾಯಿ ತುಂಬ ಅಗಲಕ್ಕೆ ತೆರೆಯುವ 50 ಎಂಎಂ ಎಫ್ 1.8 ಲೆನ್ಸ್ ಕೈಗೆ ಬಂದ ಮೇಲೆ, ಬೀಗವನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಎದುರಾಯಿತು. ಅದನ್ನು ಕಲಿಸಿದ್ದು ಅಜ್ಜಿ.

ಅಡಿಕೆ ಕೊಯ್ಲಿನ ಕಾಲ. ಅಜ್ಜಿ ಜಗಲಿಯ ತುದಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಹಿಂದೆ ಸುಣ್ಣ ಹೊಡೆದ ಗೋಡೆ. ನನಗೆ ಅಜ್ಜಿ ಚಿತ್ರದ ಬಲಗಡೆ ಬೇಕು, ಎಡಕ್ಕೆ ಇಡೀ ಖಾಲಿ ಗೋಡೆ ಬೇಕು, ಕೆಳಗೆ ಸುಲಿದ ಅಡಿಕೆಯ ರಾಶಿ ಬೇಕು. ಮೊದಲ ಸಲ ನಡುವಿನ ಬಿಂದು ಗೋಡೆಯ ಮೇಲೆಯೇ ಉಳಿಯಿತು. ಲೆನ್ಸ್ ಗರ್ರ್ ಎಂದು ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಕೊನೆಗೆ ಕೈಚೆಲ್ಲಿತು. ಬರಿಯ ಸುಣ್ಣದ ಗೋಡೆಯಲ್ಲಿ ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಬೆಳಕೂ ನೆರಳೂ ಸೇರುವ ಒಂದು ಅಂಚು ಬೇಕು ಅದಕ್ಕೆ. ಎರಡನೇ ಸಲ ಅಜ್ಜಿಯ ವಜ್ರದೋಲೆಯ ಮೇಲೆ ಬಿಂದು ಇಟ್ಟೆ. ತಕ್ಷಣ ಬೀಪ್. ಓಲೆ ಝಗ್ಗೆಂದು ಬಂತು, ಒಂದೊಂದು ಹರಳೂ ಬೇರೆ ಬೇರೆಯಾಗಿ. ಅಜ್ಜಿಯ ಕಣ್ಣು ಮಾತ್ರ ಮಂಕಾಗಿತ್ತು. ಎದುರಿಗೆ ಕೂತವರ ಕಿವಿ ಕಣ್ಣಿಗಿಂತ ಒಂದು ಅಂಗೈಯಗಲ ಹಿಂದಿರುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಆ ಲೆನ್ಸನ್ನು ಪೂರ್ತಿ ತೆರೆದಿಟ್ಟರೆ ಸ್ಪಷ್ಟವಾಗಿ ಬರುವ ಆಳ ಹಿಂದೆ ಮುಂದೆ ಎಲ್ಲ ಸೇರಿ ಆರು ಸೆಂಟಿಮೀಟರ್. ಓಲೆ ಹಿಡಿದರೆ ಕಣ್ಣು ಹೋಯಿತು.

ಮೂರನೇ ಸಲ ಹಣೆಯ ಕುಂಕುಮದ ಅಂಚಿಗೆ ಬೀಗ ಹಾಕಿದೆ. ಕುಂಕುಮಕ್ಕೂ ಕಣ್ಣಿಗೂ ದೂರದಲ್ಲಿ ಅಂಥ ವ್ಯತ್ಯಾಸವಿಲ್ಲ, ಮತ್ತೆ ಕೆಂಪು ಬೊಟ್ಟಿನ ಅಂಚು ಬಡಬಡನೆ ಸಿಗುತ್ತದೆ. ಬೆರಳು ಹಾಗೇ ಹಿಡಿದು ಎಡಕ್ಕೆ ತಿರುಗಿ ಗೋಡೆಯನ್ನು ಒಳಗೆ ತಂದುಕೊಂಡೆ. "ಎಷ್ಟು ಹೊತ್ತು ಮಾಡ್ತೀಯೋ" ಎಂದು ಅಜ್ಜಿ ತಲೆಯೆತ್ತಿದ ಕ್ಷಣ ಅದು.

ಅಲ್ಲಿಂದ ನನಗೆ ಫೋಟೊ ತೆಗೆಯುವುದೆಂದರೆ ಮೊದಲು ಅಂಚು ಹುಡುಕುವುದು. ಕಪ್ಪು ಕೋಟಿನವರಾದರೆ ಕಾಲರು ಅಂಗಿಯನ್ನು ಮುಟ್ಟುವ ಜಾಗ. ಬೆಕ್ಕಾದರೆ ಮೀಸೆ ಬಿಟ್ಟು ಕಣ್ಣಿನ ಕರಿ ಗೆರೆ. ದೇವಸ್ಥಾನದ ಕತ್ತಲೆ ಪ್ರಾಂಗಣವಾದರೆ ಅಷ್ಟೇ ದೂರದಲ್ಲಿರುವ ಯಾವುದೋ ದೀಪದ ಕಂಬ. ಬೇಕಾದ ವಸ್ತುವೇ ಆಗಬೇಕೆಂದಿಲ್ಲ, ಬೇಕಾದಷ್ಟು ದೂರದಲ್ಲಿದ್ದರೆ ಸಾಕು. ಬೀಗ ಬೀಳುವುದು ದೂರಕ್ಕೆ, ವಸ್ತುವಿಗಲ್ಲ. ಈ ಒಂದು ಮಾತು ಅರ್ಥವಾಗಲು ನನಗೆ ಒಂದೆರಡು ವರ್ಷ ಹಿಡಿಯಿತು.

ನಡುವಿನ ಬಿಂದುವನ್ನೇ ಯಾಕೆ ನಂಬಬೇಕಿತ್ತು ಎಂದು ಈಗಿನ ಹುಡುಗರು ಕೇಳುತ್ತಾರೆ. ಆಗಿನ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಒಂಬತ್ತೋ ಹನ್ನೊಂದೋ ಬಿಂದುಗಳಿರುತ್ತಿದ್ದವು. ಆದರೆ ನಡುವಿನದೊಂದೇ ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸಬಲ್ಲ ಕ್ರಾಸ್ ಮಾದರಿಯದು. ಸುತ್ತಲಿನವು ಒಂದೇ ದಿಕ್ಕಿನ ಗೆರೆಯನ್ನು ಮಾತ್ರ ನೋಡಬಲ್ಲವು. ಸೀರೆಯ ಅಂಚು ಅದಕ್ಕೆ ಒಗ್ಗುವ ದಿಕ್ಕಿನಲ್ಲಿದ್ದರೆ ಸಿಕ್ಕೀತು, ಇಲ್ಲದಿದ್ದರೆ ಹಗಲು ಬೆಳಕಿನಲ್ಲೂ ತಡಕಾಡೀತು. ಹಾಗಾದಾಗ ಕ್ಯಾಮೆರಾವನ್ನು ಸ್ವಲ್ಪ ವಾಲಿಸಿ, ಓರೆಯಲ್ಲೇ ಅರ್ಧ ಒತ್ತಿ ಹಿಡಿದು, ಮತ್ತೆ ನೆಟ್ಟಗೆ ಮಾಡಿಕೊಂಡರೆ ಕೆಲಸ ಆಗುತ್ತದೆ. ಸಂಜೆಗತ್ತಲಲ್ಲಿ ಅದೂ ಆಗುವುದಿಲ್ಲ. ಆಗ ನಡುವಿನ ಬಿಂದುವೇ ಗತಿ.

ಕತ್ತಲೆಯ ಮಾತು ಬಂತು. ನನಗೆ ಅತಿ ಹೆಚ್ಚು ಕಲಿಸಿದ ಜಾಗ ಯಕ್ಷಗಾನದ ಚೌಕಿ. ಗದ್ದೆ ಕೊಯ್ಲಾದ ಮೇಲೆ ನಮ್ಮ ಕಡೆ ಘಟ್ಟದ ಕೆಳಗಿನ ಮೇಳಗಳು ಬರುತ್ತವೆ. ರಂಗಸ್ಥಳದ ಹಿಂದೆ ಮಡಲಿನದೋ ಬಟ್ಟೆಯದೋ ಮರೆ ಕಟ್ಟಿ, ತಂತಿಗೆ ನಾಲ್ಕು ಬಲ್ಬು ಜೋತುಬಿಟ್ಟಿರುತ್ತಾರೆ. ಅದರ ಕೆಳಗೆ ಕಲಾವಿದರು ತಂತಮ್ಮ ಪೆಟ್ಟಿಗೆ ಮುಂದಿಟ್ಟುಕೊಂಡು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುತ್ತಾರೆ. ಬಿಳಿಗೆ ಸಫೇತು, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಎಡಗೈಯಲ್ಲಿ ಅಂಗೈಯಗಲದ ಕನ್ನಡಿ, ಬಲಗೈಯಲ್ಲಿ ಕಡ್ಡಿ. ಮಾತಾಡುತ್ತಲೇ, ಎಲೆ ಅಡಿಕೆ ಹಾಕುತ್ತಲೇ ಮುಖದ ಮೇಲೆ ಇನ್ನೊಬ್ಬರನ್ನು ಬರೆದುಕೊಳ್ಳುತ್ತಾರೆ. ನನಗೆ ರಂಗಸ್ಥಳದ ಕುಣಿತಕ್ಕಿಂತ ಈ ಹೊತ್ತು ದೊಡ್ಡದು. ಈಗಲೂ ಹಾಗೇ.

ಮೊದಲ ವರ್ಷ ಅಭಿಮನ್ಯುವಿನ ವೇಷ ಕಟ್ಟಿಕೊಳ್ಳುತ್ತಿದ್ದವರೊಬ್ಬರ ಬೆನ್ನ ಹಿಂದೆ ಮಂಡಿಯೂರಿ ಕೂತೆ. ಅವರ ಹೆಗಲ ಮೇಲಿನಿಂದ ಕನ್ನಡಿ ಕಾಣುತ್ತಿತ್ತು, ಕನ್ನಡಿಯೊಳಗೆ ಒಂದು ಕಣ್ಣು, ಆ ಕಣ್ಣಿನ ಸುತ್ತ ಆಗಷ್ಟೇ ಎಳೆದ ಕಾಡಿಗೆ. ಕನ್ನಡಿ ಚಿತ್ರದ ಎಡ ಮೂಲೆಯಲ್ಲಿರಬೇಕು, ಬಲಕ್ಕೆ ಅವರ ಬೆನ್ನು, ತಲೆಗೆ ಸುತ್ತಿದ ಬಟ್ಟೆ ಮಸುಕಾಗಿ ಇರಬೇಕು ಎಂದು ನನ್ನ ಎಣಿಕೆ. ನಡುವಿನ ಬಿಂದುವನ್ನು ಕನ್ನಡಿಯ ಮೇಲಿಟ್ಟು ಅರ್ಧ ಒತ್ತಿದೆ. ಬೀಪ್ ಎಂದಿತು. ತಿರುಗಿಸಿದೆ, ಒತ್ತಿದೆ. ಹತ್ತಾರು ಸಲ.

ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಕನ್ನಡಿಯ ಗಾಜು ಸ್ಪಷ್ಟವಾಗಿತ್ತು. ಗಾಜಿನ ಮೇಲೆ ಸಫೇತು ಮೆತ್ತಿದ ಒಂದು ಹೆಬ್ಬೆರಳಿನ ಗುರುತಿತ್ತು, ಅದರ ಒಂದೊಂದು ಸುರುಳಿಯೂ ಎಣಿಸುವ ಹಾಗಿತ್ತು. ಕಣ್ಣು ಮಾತ್ರ ಮಸಿ ಕಲಸಿದ ಹಾಗೆ.

ಕನ್ನಡಿಯೊಳಗಿನ ಮುಖ ಕನ್ನಡಿಯ ಮೇಲೆ ಇರುವುದಿಲ್ಲ. ಮುಖ ಕನ್ನಡಿಯ ಮುಂದೆ ಎಷ್ಟು ದೂರವೋ ಬಿಂಬ ಅಷ್ಟೇ ದೂರ ಕನ್ನಡಿಯ ಹಿಂದೆ. ಹೈಸ್ಕೂಲಿನಲ್ಲಿ ಓದಿದ್ದೇ, ಅದು ಕೈಗೆ ಬಂದದ್ದು ಆ ರಾತ್ರಿ. ನನಗೂ ಕನ್ನಡಿಗೂ ಸುಮಾರು ಎಪ್ಪತ್ತು ಸೆಂಟಿಮೀಟರ್, ಅವರ ಮುಖಕ್ಕೂ ಕನ್ನಡಿಗೂ ಮೂವತ್ತು. ಹಾಗಾದರೆ ಆ ಕಣ್ಣು ನನ್ನಿಂದ ಒಂದು ಮೀಟರ್ ದೂರದಲ್ಲಿದೆ. ಒಂದು ಮೀಟರಿನಲ್ಲಿ ನನ್ನ ಲೆನ್ಸಿಗೆ ಸಿಗುವ ಆಳ ಮೂರು ಸೆಂಟಿಮೀಟರಿಗೂ ಕಡಿಮೆ. ನಾನು ಮೂವತ್ತು ಸೆಂಟಿಮೀಟರ್ ಈಚೆ ಬೀಗ ಹಾಕಿ ಕೂತಿದ್ದೆ. ಕ್ಯಾಮೆರಾಕ್ಕೆ ಗಾಜಿನ ಮೇಲಿನ ಬಿಳಿ ಕಲೆಯ ಅಂಚು ಕಣ್ಣಿನ ಕಾಡಿಗೆಗಿಂತ ಸುಲಭವಾಗಿ ಸಿಕ್ಕಿತ್ತು, ಅದು ಅದನ್ನೇ ಹಿಡಿದಿತ್ತು.

ಮಾರನೆಯ ವರ್ಷ ಕಲೆಯಿಲ್ಲದ ಜಾಗ ನೋಡಿ, ಬಿಂಬದ ಕಣ್ಣಿನ ಕಾಡಿಗೆಗೇ ಬಿಂದು ತಾಗಿಸಿ ಅರ್ಧ ಒತ್ತಿದೆ. ಕನ್ನಡಿಯ ಚೌಕಟ್ಟು ಮಸುಕಾಗಿ ಕಣ್ಣು ಎದ್ದು ಬಂತು. ಆದರೆ ಎಲ್ಲ ಚಿತ್ರಗಳಲ್ಲೂ ಅಲ್ಲ. ನಾಲ್ಕರಲ್ಲಿ ಒಂದು ಸರಿ. ಉಳಿದವುಗಳಲ್ಲಿ ರೆಪ್ಪೆಯ ಬದಲು ಕಿವಿಯ ಹತ್ತಿರದ ಕೂದಲು, ಇಲ್ಲವೇ ಮೂಗಿನ ತುದಿ. ಬೀಗ ಸರಿಯಾಗಿಯೇ ಹಾಕಿದ್ದೆ. ತಿರುಗಿಸುವಾಗ ಏನೋ ಆಗುತ್ತಿತ್ತು.

ಫೋಕಸ್ ಎಂದರೆ ನನ್ನ ಸುತ್ತ ಚೆಂಡಿನ ಹಾಗೆ ಇರುವ ಒಂದು ದೂರ ಎಂದು ತಿಳಿದಿದ್ದೆ. ಎಲ್ಲಿಗೆ ತಿರುಗಿದರೂ ಒಂದು ಮೀಟರ್ ಒಂದು ಮೀಟರೇ ಎಂದು. ಹಾಗಲ್ಲ. ಸ್ಪಷ್ಟವಾಗಿ ಕಾಣುವ ಜಾಗ ಕ್ಯಾಮೆರಾದ ಎದುರಿಗೆ ನಿಲ್ಲಿಸಿದ ಒಂದು ಚಪ್ಪಟೆ ಗಾಜಿನ ಹಾಳೆಯಂತೆ. ನಾನು ತಿರುಗಿದರೆ ಅದೂ ಕದದ ಹಾಗೆ ನನ್ನ ಜೊತೆ ತಿರುಗುತ್ತದೆ. ನಡುವಿನಲ್ಲಿದ್ದಾಗ ಕಣ್ಣು ಹಾಳೆಯ ಮೇಲೆ ಸರಿಯಾಗಿ ಕೂತಿತ್ತು. ನಾನು ತಿರುಗಿದ ಮೇಲೆ ಹಾಳೆ ಕಣ್ಣಿನ ಹಿಂದಕ್ಕೆ ಹೋಯಿತು. ಎಷ್ಟು ಹಿಂದಕ್ಕೆ ಎಂಬುದು ಎಷ್ಟು ತಿರುಗಿದೆ ಎಂಬುದರ ಮೇಲೆ.

ನಂಬಲು ಕಣ್ಣಾರೆ ನೋಡಬೇಕಿತ್ತು. ಅಮ್ಮನ ಹೊಲಿಗೆ ಟೇಪನ್ನು ಊಟದ ಮೇಜಿನ ಮೇಲೆ ಉದ್ದಕ್ಕೆ ಹಾಸಿದೆ. ಕ್ಯಾಮೆರಾದಿಂದ ಸರಿಯಾಗಿ 60 ಸೆಂಟಿಮೀಟರ್ ದೂರದಲ್ಲಿ, ಟೇಪಿನ ಪಕ್ಕದಲ್ಲೇ ಒಂದು ಪೆನ್ಸಿಲನ್ನು ಸೀಮೆಬದನೆಯ ತುಂಡಿಗೆ ಚುಚ್ಚಿ ನಿಲ್ಲಿಸಿದೆ. ಟ್ರೈಪಾಡಿನ ಮೇಲೆ ಕ್ಯಾಮೆರಾ, ಎಫ್ 1.8. ಪೆನ್ಸಿಲಿಗೆ ಬೀಗ ಹಾಕಿ ನೆಟ್ಟಗೆ ಒಂದು ತೆಗೆದೆ. ಬೀಗ ಬಿಡದೆ ಟ್ರೈಪಾಡಿನ ತಲೆಯನ್ನು ಹನ್ನೆರಡು ಡಿಗ್ರಿಯಷ್ಟು ತಿರುಗಿಸಿ, ಪೆನ್ಸಿಲನ್ನು ಚಿತ್ರದ ಅಂಚಿಗೆ ತಳ್ಳಿ ಇನ್ನೊಂದು ತೆಗೆದೆ. ಎರಡನೆಯದರಲ್ಲಿ ಪೆನ್ಸಿಲು ಮಂಕು. ಅದರ ಹಿಂದೆ ಟೇಪಿನ ಮೇಲೆ ಸುಮಾರು ಒಂದೂವರೆ ಸೆಂಟಿಮೀಟರ್ ಆಚೆಯ ಗೆರೆಗಳು ಸೂಜಿಯ ಹಾಗೆ ಎದ್ದು ನಿಂತಿದ್ದವು. ಆ ದೂರದಲ್ಲಿ ಸಿಗುವ ಆಳವೇ ಒಂದು ಸೆಂಟಿಮೀಟರ್.

ಆಮೇಲೆ ಕಾಗದದ ಮೇಲೆ ಲೆಕ್ಕ ಮಾಡಿದೆ. ದೂರವನ್ನು ಕೋನದ ಕೊಸೈನ್‌ನಿಂದ ಗುಣಿಸಿ ಮೂಲ ದೂರದಿಂದ ಕಳೆದರೆ ತಪ್ಪು ಎಷ್ಟು ಎಂದು ಸಿಗುತ್ತದೆ. ಚೌಕಿಯಲ್ಲಿ ನಾನು ಒಂದು ಮೀಟರ್ ದೂರದಿಂದ ಎಂಟು ಡಿಗ್ರಿ ತಿರುಗಿಸುತ್ತಿದ್ದೆ ಎಂದಿಟ್ಟುಕೊಂಡರೂ ತಪ್ಪು ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಮುಂದಿನ ಕಡೆ ನನಗಿದ್ದ ಅವಕಾಶ ಒಂದು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ಬರೀ ತಿರುಗಿಸಿದ್ದರಿಂದ ಕಣ್ಣು ಹೋಗಬೇಕಾಗಿರಲಿಲ್ಲ. ಅಜ್ಜಿಯ ಫೋಟೊದಂಥದಕ್ಕೆ, ಮುಖವನ್ನು ಚೌಕಟ್ಟಿನ ಮೂರನೇ ಒಂದರ ಗೆರೆಗೆ ಸರಿಸುವಷ್ಟಕ್ಕೆ, ನಾಲ್ಕು ಡಿಗ್ರಿ ಸಾಕು. ಒಂದೂವರೆ ಮೀಟರಿನಲ್ಲಿ ತಪ್ಪು ನಾಲ್ಕು ಮಿಲಿಮೀಟರ್. ಅದು ಲೆಕ್ಕಕ್ಕೇ ಇಲ್ಲ. ಬೀಗ ಹಾಕಿ ತಿರುಗಿಸುವ ಪದ್ಧತಿಯೇ ತಪ್ಪು, ಬಿಟ್ಟುಬಿಡಿ ಎಂದು ಖಡಾಖಂಡಿತವಾಗಿ ಹೇಳುವವರಿದ್ದಾರೆ. ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಇನ್ನೊಂದು ಸಂಗತಿಯೂ ಆ ಲೆಕ್ಕದಿಂದಲೇ ಹೊರಟಿತು. ದೂರವೂ ಅಪರ್ಚರೂ (ಲೆನ್ಸಿನ ಬಾಯಿ ತೆರೆದಿರುವ ಅಳತೆ) ಒಂದೇ ಇದ್ದು, ವಸ್ತುವನ್ನು ಚೌಕಟ್ಟಿನ ಅದೇ ಜಾಗಕ್ಕೆ ಸರಿಸುವುದಾದರೆ, ಲೆನ್ಸ್ 35 ಎಂಎಂ ಇರಲಿ 85 ಇರಲಿ, ಅಪಾಯ ಹೆಚ್ಚುಕಡಿಮೆ ಒಂದೇ. ಅಗಲದ ನೋಟ ಕೊಡುವ 35ರಂಥ ಲೆನ್ಸಿನಲ್ಲಿ ಹೆಚ್ಚು ತಿರುಗಿಸಬೇಕು, ಆದರೆ ಆಳವೂ ಹೆಚ್ಚು ಸಿಗುತ್ತದೆ. ಕೆಡಿಸುವುದು ಹತ್ತಿರ. ಹತ್ತಿರ ಹೋದಷ್ಟೂ ಕೆಡುತ್ತದೆ.

ಹಾಗಾದರೆ ನಾಲ್ಕರಲ್ಲಿ ಮೂರು ಹೋದದ್ದು ಯಾಕೆ? ಮಂಡಿಯೂರಿ ಕೂತ ಮನುಷ್ಯ ಬಲಕ್ಕೆ ತಿರುಗುವಾಗ ಸೊಂಟದಿಂದ ಮೇಲೆ ಇಡೀ ಮೈ ವಾಲುತ್ತದೆ. ಉಸಿರು ಬಿಟ್ಟರೆ ಎದೆ ಇಳಿದು ಕ್ಯಾಮೆರಾ ಒಂದು ಬೆರಳು ಹಿಂದೆ ಹೋಗುತ್ತದೆ. ಬಣ್ಣ ಹಚ್ಚಿಕೊಳ್ಳುವವರೂ ಕನ್ನಡಿಯನ್ನು ಹತ್ತಿರ ತಂದು ದೂರ ಮಾಡುತ್ತಲೇ ಇರುತ್ತಾರೆ, ಕನ್ನಡಿ ಒಂದು ಬೆರಳು ಸರಿದರೆ ಬಿಂಬ ಎರಡು ಬೆರಳು ಸರಿಯುತ್ತದೆ. ನನ್ನ ಮೂರು ಸೆಂಟಿಮೀಟರ್ ಹೋಗುತ್ತಿದ್ದದ್ದು ಅಲ್ಲಿ.

ಅಂದಿನಿಂದ ನಾಲ್ಕು ಅಭ್ಯಾಸ ಮಾಡಿಕೊಂಡೆ ಎಂದು ಪಟ್ಟಿ ಕೊಡುವುದಿಲ್ಲ. ಮುಖ್ಯವಾದದ್ದು ಒಂದೇ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಉಸಿರನ್ನು ಅರ್ಧಕ್ಕೆ ತಡೆದು, ಕ್ಯಾಮೆರಾವನ್ನು ತಿರುಗಿಸುವ ಬದಲು ಆದಷ್ಟು ಪಕ್ಕಕ್ಕೆ ಜಾರಿಸುವುದು. ಕ್ಯಾಮೆರಾದ ಮೋರೆ ಬದಲಾಗದೆ ಅದು ಬದಿಗೆ ಸರಿದರೆ ಗಾಜಿನ ಹಾಳೆ ಇದ್ದಲ್ಲೇ ಇರುತ್ತದೆ. ಬೀಗ ಹಾಕಿದ ಮೇಲೆ ತಡಮಾಡದಿರುವುದು ಇನ್ನೊಂದು. ಬೀಗ ಹಾಕಿ ಚೌಕಟ್ಟು ಹುಡುಕಬಾರದು, ಚೌಕಟ್ಟು ಮನಸ್ಸಿನಲ್ಲಿ ನಿಂತ ಮೇಲೆ ಬೀಗ ಹಾಕಬೇಕು.

ಬೀಗವೇ ಕೆಲಸಕ್ಕೆ ಬಾರದ ಜಾಗಗಳೂ ಇವೆ. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕೂತು ಬಣ್ಣದ ಕೊಕ್ಕರೆಯ ಕಣ್ಣಿಗೆ ಬಿಂದು ಇಟ್ಟು ಅರ್ಧ ಒತ್ತಿದೆ, ಗೂಡಿನ ಕಡೆಗೆ ಸರಿಸಿದೆ, ಒತ್ತಿದೆ. ಮನೆಗೆ ಬಂದು ನೋಡಿದರೆ ಗೂಡಿನ ಹಿಂಬದಿಯ ಕಡ್ಡಿಗಳು ಸ್ಪಷ್ಟ. ಅಂಬಿಗರು ಹುಟ್ಟು ಎತ್ತಿ ಹಿಡಿದಿದ್ದರೂ ಕಾವೇರಿ ನಿಂತಿರಲಿಲ್ಲ. 300 ಎಂಎಂ ಲೆನ್ಸಿನಲ್ಲಿ ಹದಿನೈದು ಮೀಟರ್ ದೂರಕ್ಕೆ ಸಿಗುವುದು ಒಟ್ಟು ಅರ್ಧ ಮೀಟರ್ ಆಳ, ದೋಣಿ ಅಷ್ಟರೊಳಗೆ ಅದನ್ನು ದಾಟಿತ್ತು. ಅಲ್ಲಿ ಕ್ಯಾಮೆರಾವನ್ನು ಬೀಗದಿಂದ ಬಿಡಿಸಬೇಕು. ಕ್ಯಾನನ್‌ನಲ್ಲಿ ಎಐ ಸರ್ವೊ, ನಿಕಾನ್, ಸೋನಿಗಳಲ್ಲಿ ಎಎಫ್-ಸಿ ಎನ್ನುವ ಕ್ರಮಕ್ಕೆ ತಿರುಗಿಸಿಕೊಂಡರೆ ಬೆರಳು ಒತ್ತಿರುವಷ್ಟು ಹೊತ್ತೂ ಅದು ದೂರವನ್ನು ಅಳೆಯುತ್ತಲೇ ಇರುತ್ತದೆ. ಆಗ ಬಿಂದುವನ್ನೇ ಹಕ್ಕಿ ಇರುವ ಬದಿಗೆ ಸರಿಸಿಟ್ಟುಕೊಳ್ಳಬೇಕು. ಕೆಲವು ಕ್ಯಾಮೆರಾಗಳು ಕೊಂಡಾಗಿನಿಂದಲೇ ತಾವೇ ನಿರ್ಧರಿಸುವ ಕ್ರಮದಲ್ಲಿರುತ್ತವೆ, ವಸ್ತು ಅಲುಗಿದಂತೆ ಕಂಡರೆ ಬೀಗವನ್ನು ತಾವೇ ತೆರೆದುಬಿಡುತ್ತವೆ. ಬೀಗ ಹಾಕುವ ಅಭ್ಯಾಸದವರು ಮೊದಲು ಅದನ್ನು ಒನ್ ಶಾಟ್ ಅಥವಾ ಎಎಫ್-ಎಸ್‌ಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಅರ್ಧ ಒತ್ತಿದಾಗ ಬೆಳಕಿನ ಲೆಕ್ಕಕ್ಕೂ ಬೀಗ ಬೀಳುತ್ತದೋ ಇಲ್ಲವೋ ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ಬಾಗಿಲ ಬೆಳಕಿಗೆ ಬೆನ್ನು ಹಾಕಿ ನಿಂತವರನ್ನು ತೆಗೆಯುವ ಮುನ್ನ ನಿಮ್ಮದರಲ್ಲಿ ಹೇಗೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ.

ಬೀಗವೂ ಬೇಕು, ಹಿಂಬಾಲಿಸುವುದೂ ಬೇಕು ಎನ್ನುವವರಿಗೆ ಒಂದು ಚೆಂದದ ಉಪಾಯವಿದೆ. ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ಕಿತ್ತು ಹಿಂದಿರುವ ಇನ್ನೊಂದು ಗುಂಡಿಗೆ, ಹೆಬ್ಬೆರಳಿಗೆ ಕೊಡುವುದು. ಕ್ಯಾನನ್ 1989ರಲ್ಲೇ ಇಒಎಸ್ 630ರಲ್ಲಿ ಇದಕ್ಕೆ ಅವಕಾಶ ಮಾಡಿತ್ತು. ಹೆಬ್ಬೆರಳು ಒತ್ತಿ ಹಿಡಿದಿದ್ದರೆ ಹಕ್ಕಿಯ ಬೆನ್ನು ಹತ್ತುತ್ತದೆ, ಬಿಟ್ಟರೆ ಅಲ್ಲೇ ಬೀಗ. ತೋರುಬೆರಳಿಗೆ ಒತ್ತುವುದೊಂದೇ ಕೆಲಸ. ನಾನು ಒಂದು ವಾರ ತಡವರಿಸಿದೆ, ಆಮೇಲೆ ಹಿಂದೆ ತಿರುಗಿ ನೋಡಲಿಲ್ಲ. ಬೆರಳನ್ನು ಅರ್ಧದಲ್ಲಿ ತಡೆದು ಹಿಡಿಯುವ ಕಷ್ಟ ಹೋಯಿತು. ಚೌಕಿಯ ಚಳಿಯಲ್ಲಿ ಬೆರಳು ಮರಗಟ್ಟಿದಾಗ ಇದು ದೊಡ್ಡ ಉಪಕಾರ.

ಮೂರು ವರ್ಷದ ಹಿಂದೆ ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂತು. ಚೌಕಟ್ಟಿನ ಮೂಲೆ ಮೂಲೆಯಲ್ಲೂ ಫೋಕಸ್ ನೋಡುತ್ತದೆ. 2017ರ ಸೋನಿ ಎ9ರಲ್ಲೇ 693 ಬಿಂದುಗಳಿದ್ದವು. ಕಣ್ಣನ್ನು ತಾನೇ ಹುಡುಕಿ ಅದರ ಮೇಲೊಂದು ಪುಟ್ಟ ಚೌಕ ಇಟ್ಟುಕೊಂಡು ಹೋದಲ್ಲೆಲ್ಲ ಹಿಂಬಾಲಿಸುತ್ತದೆ. ಅಕ್ಕನ ಮಗಳು ಮೊಬೈಲಿನಲ್ಲಿ ಪರದೆಯನ್ನು ಬೆರಳಿನಿಂದ ಒತ್ತಿ ಹಿಡಿದು ಬೀಗ ಹಾಕುತ್ತಾಳೆ, ಯಾರೂ ಹೇಳಿಕೊಡದೆ. ಜೋಗದಂಥ ಫೋಟೊ ಇನ್ನು ಯಾರ ಮನೆಯ ಗೋಡೆಯ ಮೇಲೂ ಬರಲಿಕ್ಕಿಲ್ಲ. ಅದು ಒಳ್ಳೆಯದೇ. ಮನಃಪೂರ್ವಕವಾಗಿ ಹೇಳುತ್ತಿದ್ದೇನೆ, ನನ್ನ ಹೊಸ ಕ್ಯಾಮೆರಾದ ಚಿತ್ರಗಳಲ್ಲಿ ಕಣ್ಣುಗಳು ಹಿಂದೆಂದಿಗಿಂತ ಸ್ಪಷ್ಟವಾಗಿವೆ.

ಆದರೂ ಬೇರೊಂದು ವ್ಯತ್ಯಾಸವನ್ನು ಹೇಳದೆ ಇರಲಾರೆ. ಕಾರ್ಡಿನಲ್ಲಿ ಚಿತ್ರಗಳ ಸಂಖ್ಯೆ ಹತ್ತು ಪಟ್ಟಾಗಿದೆ, ನೆನಪಿನಲ್ಲಿ ಉಳಿದವು ಕಡಿಮೆ. ಬೀಗ ಹಾಕಿ ಸರಿಸುತ್ತಿದ್ದಾಗ ಅರ್ಧ ಒತ್ತುವುದಕ್ಕೂ ಪೂರ್ತಿ ಒತ್ತುವುದಕ್ಕೂ ನಡುವೆ ಒಂದು ಹೊತ್ತಿತ್ತು. ಒಂದು ಸೆಕೆಂಡು, ಎರಡು ಸೆಕೆಂಡು. ಯಾರನ್ನು ನೋಡುತ್ತಿದ್ದೇನೆ ಎಂದು ತೀರ್ಮಾನವಾಗಿದೆ, ಎಲ್ಲಿ ಕೂರಿಸಬೇಕು ಎಂಬುದಷ್ಟೇ ಬಾಕಿ. ಆ ಹೊತ್ತಿನಲ್ಲಿ ನಾನು ಉಸಿರು ಹಿಡಿದು ಆ ಮುಖದ ಜೊತೆ ಇರುತ್ತಿದ್ದೆ. ಅಜ್ಜಿ ಆ ಹೊತ್ತಿನಲ್ಲೇ ತಲೆಯೆತ್ತಿದ್ದು. ಈಗ ಕ್ಯಾಮೆರಾ ನನಗಿಂತ ಮುಂಚೆ ಕಣ್ಣು ಹುಡುಕಿರುತ್ತದೆ, ಒತ್ತಿದರೆ ಮುಗಿಯಿತು. ಹಾಗಾಗಿ ಕೆಲವು ದಿನ ಕಣ್ಣು ಹುಡುಕುವ ಆ ಸೌಲಭ್ಯವನ್ನು ಬೇಕೆಂದೇ ಆಫ್ ಮಾಡಿ, ನಡುವೆ ಒಂದೇ ಬಿಂದು ಇಟ್ಟುಕೊಂಡು ಹೋಗುತ್ತೇನೆ.

ಹೋದ ಮಾಗಿಯಲ್ಲಿ ಚೌಕಿಗೆ ಹೋದದ್ದು ಹಾಗೆಯೇ. ಮೊದಲು ಹೊಸ ಸೌಲಭ್ಯವನ್ನೇ ಹಾಕಿ ನೋಡಿದೆ. ರಕ್ಕಸನ ಬಣ್ಣದ ವೇಷದ ಮುಂದೆ ಅದು ಕಕ್ಕಾಬಿಕ್ಕಿಯಾಯಿತು, ಚೌಕ ಹಣೆಗೆ ಹಾರಿತು, ಹಿಂದೆ ನಿಂತ ಹುಡುಗನ ಮುಖಕ್ಕೆ ಹಾರಿತು. ಆಫ್ ಮಾಡಿಟ್ಟೆ. ಆ ಹಳೆಯ ಅಭಿಮನ್ಯು ಈಗ ದೊಡ್ಡ ವೇಷಗಳಿಗೆ ಬಂದಿದ್ದಾರೆ, ಕಿವಿಯ ಹತ್ತಿರ ನರೆತಿದೆ. ಅದೇ ಪೆಟ್ಟಿಗೆ, ಅದೇ ಕನ್ನಡಿ. ಅವರ ಹೆಗಲ ಹಿಂದೆ ಮಂಡಿಯೂರಿದೆ. ಬಿಂಬದ ಕಣ್ಣಿಗೆ ಬಿಂದು ತಾಗಿಸಿ ಅರ್ಧ ಒತ್ತಿದೆ, ಉಸಿರು ಹಿಡಿದು ಬಲಕ್ಕೆ ಜಾರಿದೆ. ಅಷ್ಟರಲ್ಲಿ ಅವರು ಕಡ್ಡಿ ಕೆಳಗಿಟ್ಟರು, ಕನ್ನಡಿಯೊಳಗಿನಿಂದ ನನ್ನನ್ನೇ ನೋಡಿದರು.

"ಎಂತಕ್ಕೆ ಕಾಯ್ತಾ ಇದ್ರಿ ಮಾರಾಯ್ರೆ? ಒತ್ತಿ."

ಒತ್ತಿದೆ. ಆ ಕಣ್ಣು ಸಿಕ್ಕಿತು, ರೆಪ್ಪೆಗೆ ಹತ್ತಿದ ಸಫೇತಿನ ಧೂಳಿನ ಸಮೇತ. ಆಟ ಮುಗಿದ ಮೇಲೆ, ಬೆಳಗಿನ ಚಾ ಕುಡಿಯುವಾಗ, ಅವರಿಗೆ ಅದನ್ನು ತೋರಿಸಿದೆ. ಮೊಬೈಲಿನಲ್ಲಿದ್ದ ಹಳೆಯ ವರ್ಷದ್ದನ್ನೂ ತೋರಿಸಿದೆ, ಕಣ್ಣು ಮಂಕಾಗಿ ಗಾಜಿನ ಮೇಲಿನ ಹೆಬ್ಬೆರಳಿನ ಗುರುತು ಮಾತ್ರ ಸ್ಪಷ್ಟವಾಗಿದ್ದದ್ದನ್ನು, ಹೇಗೆ ತಪ್ಪಿತ್ತು ಎಂದು ವಿವರಿಸುತ್ತ. ಅವರು ನನ್ನ ವಿವರಣೆ ಕೇಳಿಸಿಕೊಳ್ಳಲಿಲ್ಲ. ಮೊಬೈಲು ಇಸಿದುಕೊಂಡು ಆ ಹಳೆಯದನ್ನೇ ಹಿಗ್ಗಿಸಿ, ತಮ್ಮ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದರು.

"ಇದು ನಂದಲ್ಲ. ನಮ್ಮ ಅಪ್ಪಯ್ಯನ ಕನ್ನಡಿ ಇದು, ಆಗ ಅವರೇ ಬಣ್ಣ ಹಚ್ಚಿ ಕೊಡ್ತಾ ಇದ್ರು ನಂಗೆ" ಎಂದರು. "ಇದನ್ನೊಂದು ದೊಡ್ಡದು ಮಾಡಿಸಿ ಕೊಡಿ."